ಮೂರನೆಯ ಚಿತ್ರದಲ್ಲಿ ಇಲ್ಲದ ಚುಕ್ಕಿ

ಪತ್ರ ಬಂದಾಗ ನಾನು ಪುಣೆಯ ಹತ್ತಿರದ ಶಿರೂರಿನ ಬಸ್ ನಿಲ್ದಾಣದಲ್ಲಿ ನಿಂತು, ಬಾರದ ಬಸ್ಸಿಗೆ ಮನಸ್ಸಿನಲ್ಲೇ ಬೈಯುತ್ತಿದ್ದೆ. ಯಾವುದಕ್ಕೂ ಕಾಯಲಾರದವಳು ನಾನು. ಒಲೆಯ ಮುಂದೆ ಎರಡು ನಿಮಿಷ ನಿಲ್ಲಲಾಗದೆ ವಾರಕ್ಕೊಮ್ಮೆಯಾದರೂ ಹಾಲು ಉಕ್ಕಿಸುತ್ತೇನೆ. ಅಂಥವಳ ಮೊಬೈಲಿಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬಂದಿತ್ತು. ಏಳು ವರ್ಷದ ಹಿಂದೆ ನೀವು ಗುರುತಿಸಿದ ಕ್ಷುದ್ರಗ್ರಹದ ಹಾದಿ ಈಗ ಖಚಿತವಾಗಿದೆ, ಅದಕ್ಕೆ ಕಾಯಂ ಸಂಖ್ಯೆ ಸಿಕ್ಕಿದೆ, ಇನ್ನು ನೀವು ಅದಕ್ಕೊಂದು ಹೆಸರು ಸೂಚಿಸಬಹುದು. ಹೆಸರಿನ ಜೊತೆಗೆ ಅದನ್ನು ಕಂಡವರು ಯಾರು ಎಂದು ಒಂದು ಸಣ್ಣ ಟಿಪ್ಪಣಿ ಬರೆದು ಕಳಿಸಿ.

ಕಂಡವರು ಯಾರು! ಆ ಸಾಲನ್ನು ಮೂರು ಸಲ ಓದಿದೆ. ನನ್ನ ರೂಮಿನ ಕಡೆಯ ಬಸ್ಸು ಕೊನೆಗೂ ಬಂತು, ನಾನು ಹತ್ತಲಿಲ್ಲ. ಅದರ ಹಿಂದೆ ಬಂದ ಪುಣೆಯ ಬಸ್ಸು ಹತ್ತಿದೆ. ಪಕ್ಕದ ಸೀಟಿನಲ್ಲಿ ಯಾವುದೋ ವರ್ಕ್‌ಶಾಪಿನಿಂದ ಬಂದವರು ಕೂತಿದ್ದರು. ಮಳೆಗೆ ನೆನೆದ ಅವರ ಅಂಗಿಯಿಂದ ಮಷೀನ್ ಎಣ್ಣೆಯ ವಾಸನೆ ಬರುತ್ತಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ಖಡಕಿಯ ಆ ಮನೆ, ಆ ಮಳೆಗಾಲ, ಗಲಗಲಿ ಕಾಕಾ ಎಲ್ಲ ಒಟ್ಟಿಗೆ ಎದ್ದು ಬಂದರು. ಕಾಕಾ ಎಲ್ಲದಕ್ಕೂ ಎಣ್ಣೆ ಹಾಕುತ್ತಿದ್ದರು. ಬಾಗಿಲ ತಿರುಗಣೆಗೆ, ಕತ್ತರಿಗೆ, ಅವರ ಹೆಂಡತಿ ಕಾಕುವಿನ ಹೊಲಿಗೆ ಯಂತ್ರಕ್ಕೆ, ಕೊನೆಗೆ ಛತ್ರಿಯ ಕಡ್ಡಿಗಳ ಸಂದಿಗೂ. ಮಳೆಯಲ್ಲಿ ಅವರ ಛತ್ರಿಯ ಕೆಳಗೆ ನಡೆದವರ ಹೆಗಲ ಮೇಲೆ ಒಂದಾದರೂ ಎಣ್ಣೆಯ ಕಲೆ ಗ್ಯಾರಂಟಿ.

ಆಗ ನನಗೆ ಇಪ್ಪತ್ತೊಂಬತ್ತು. ಜಮಖಂಡಿಯಿಂದ ಬಂದು ಪುಣೆಯ ಒಂದು ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ಸಹಾಯಕಿಯಾಗಿದ್ದೆ. ಹನ್ನೊಂದು ತಿಂಗಳಿಗೊಮ್ಮೆ ಹೊಸದಾಗುವ ಕರಾರು. ಎರಡು ವರ್ಷದಲ್ಲಿ ಮೂರು ಕಡೆ ರೂಮು ಬದಲಿಸಿದ್ದೆ. ಒಂದು ಕಡೆ ನೀರು ಸರಿಯಿಲ್ಲ, ಇನ್ನೊಂದು ಕಡೆ ಜೊತೆಯವಳು ಸರಿಯಿಲ್ಲ, ಮೂರನೆಯ ಕಡೆ ಏನು ಸರಿಯಿರಲಿಲ್ಲವೋ ಈಗ ನೆನಪೂ ಇಲ್ಲ. "ಕಾಲಿಗೆ ಚಕ್ರ ಕಟ್ಟಿಕೊಂಡ ಹುಟ್ಟೀಯವಾ ನೀ" ಎಂದು ನಮ್ಮವ್ವ ಫೋನಿನಲ್ಲಿ ಬೈಯುತ್ತಿದ್ದಳು. ನಾಲ್ಕನೆಯದಾಗಿ ಸಿಕ್ಕಿದ್ದೇ ಖಡಕಿಯಲ್ಲಿ ಕಾಕಾನ ಮನೆಯ ಮಾಳಿಗೆ. ಕಾಕಾ ಅಲ್ಲಿಯ ಕಾರ್ಖಾನೆಯೊಂದರಲ್ಲಿ ಮೂವತ್ತೈದು ವರ್ಷ ತಪಾಸಣೆ ವಿಭಾಗದಲ್ಲಿದ್ದು ನಿವೃತ್ತರಾದವರು. ರೂಮು ಕೇಳಲು ಹೋದ ದಿನ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಊರು ಯಾವುದವಾ?" ಎಂದರು.

"ಜಮಖಂಡಿರೀ."

"ನಮ್ಮ ಮೂಲ ಗಲಗಲಿ. ಹಂಗಾರ ಇಬ್ಬರೂ ಕೃಷ್ಣಾ ಹೊಳಿ ನೀರು ಕುಡದವರ. ಸಾಮಾನು ತಗೊಂಡು ಬಾ." ಅಷ್ಟೇ ತಪಾಸಣೆ. ಜೀವನದಲ್ಲಿ ಅವರು ಅಷ್ಟು ಬೇಗ ಪಾಸು ಮಾಡಿದ್ದು ನನ್ನನ್ನೊಬ್ಬಳನ್ನೇ ಇರಬೇಕು.

ಆ ಜೂನಿನಲ್ಲಿ ನಮ್ಮ ಕಾಲೇಜಿನ ಮೇಡಂ ಒಬ್ಬರು ಕ್ಷುದ್ರಗ್ರಹ ಹುಡುಕುವ ಒಂದು ಕಾರ್ಯಕ್ರಮಕ್ಕೆ ಹೆಸರು ಕೊಟ್ಟರು. ಮಂಗಳ ಮತ್ತು ಗುರು ಗ್ರಹಗಳ ನಡುವೆ ಲಕ್ಷಗಟ್ಟಲೆ ಕಲ್ಲುಗಳು ಸೂರ್ಯನನ್ನು ಸುತ್ತುತ್ತವೆ, ಅವುಗಳಲ್ಲಿ ಇನ್ನೂ ಯಾರ ಲೆಕ್ಕಕ್ಕೂ ಬರದವು ಬೇಕಾದಷ್ಟಿವೆ. ದೂರದ ದೇಶದ ಗುಡ್ಡದ ಮೇಲಿನ ದುರ್ಬೀನು ಆಕಾಶದ ಒಂದೇ ತುಣುಕನ್ನು ಕೆಲವು ನಿಮಿಷ ಬಿಟ್ಟು ಬಿಟ್ಟು ನಾಲ್ಕು ಸಲ ಚಿತ್ರ ತೆಗೆಯುತ್ತದೆ. ಆ ಚಿತ್ರಗಳು ನಮಗೆ ಬರುತ್ತವೆ. ಒಂದರ ಹಿಂದೆ ಒಂದು ಸರಸರನೆ ತಿರುಗಿಸಿ ನೋಡಬೇಕು. ನಕ್ಷತ್ರಗಳು ಇದ್ದಲ್ಲೇ ಇರುತ್ತವೆ. ಯಾವ ಚುಕ್ಕಿ ನೆಟ್ಟಗಿನ ಗೆರೆಯಲ್ಲಿ, ಸಮ ಸಮ ಹೆಜ್ಜೆ ಇಟ್ಟು ಜರುಗುತ್ತದೋ ಅದು ಕಲ್ಲು. ಅಳತೆ ತೆಗೆದು ಮೂರು ದಿನದೊಳಗೆ ವರದಿ ಕಳಿಸಬೇಕು. ಹುಡುಗರು ಮೊದಲ ವಾರ ಕುಣಿದಾಡಿದರು, ಎರಡನೆಯ ವಾರ ಸದ್ದಿಲ್ಲದೆ ಮಾಯವಾದರು. "ಸುಮಂಗಲಾ, ನೀವು ಮಾಡ್ತೀರಾ?" ಎಂದು ಮೇಡಂ ಕೇಳಿದರು. ಒಂದು ತಂಡದಲ್ಲಿ ಕನಿಷ್ಠ ಇಬ್ಬರಿರಬೇಕು ಎಂಬ ನಿಯಮ ಬೇರೆ.

ಸಂಜೆ ಕಾಕಾಗೆ ಹೇಳಿದೆ. ಹೊರಗೆ ಮಳೆ ಹಿಡಿದುಕೊಂಡಿತ್ತು.

"ಆಕಾಶದಾಗಿನ ಕಲ್ಲು? ಈ ಮೋಡದಾಗ?" ಎಂದು ನಕ್ಕರು.

"ಆಕಾಶ ನೋಡೂದಿಲ್ಲ ಕಾಕಾ. ಕಂಪ್ಯೂಟರಿನಾಗ ಚಿತ್ರ ನೋಡೂದು. ನೂರು ಚುಕ್ಕಿ ಒಳಗ ಬ್ಯಾರೇ ಇರೂ ಒಂದು ಚುಕ್ಕಿ ಹುಡುಕೂದು."

ಅವರ ನಗು ನಿಂತಿತು. "ಅಂದ್ರ ಇನ್ಸ್‌ಪೆಕ್ಷನ್!" ಎಂದರು.

ಮರುದಿನ ನಾನು ಕಾಲೇಜಿನಿಂದ ಬರುವಷ್ಟರಲ್ಲಿ ಜಗಲಿಯ ಟೇಬಲ್ಲು ಒರೆಸಿ, ಒಂದು ಉದ್ದನೆಯ ರಿಜಿಸ್ಟರಿಗೆ ಗೆರೆ ಎಳೆದು ಮನೆ ಮಾಡಿದ್ದರು. ಚಿತ್ರದ ಗುರುತು, ಚುಕ್ಕಿ ಇರುವ ಜಾಗ, ಹೆಜ್ಜೆ ಸಮವೇ, ಗೆರೆ ನೆಟ್ಟಗೆ ಇದೆಯೇ, ನಾಲ್ಕರಲ್ಲೂ ಬೆಳಕು ಒಂದೇ ಇದೆಯೇ, ಕೊನೆಯ ಎರಡು ಮನೆ ಪಾಸ್ ಮತ್ತು ರಿಜೆಕ್ಟ್. ಪಕ್ಕದಲ್ಲಿ ಕೆಂಪು ಪೆನ್ಸಿಲು. ಟೇಬಲ್ಲಿನ ಖಾನೆಗೂ ಎಣ್ಣೆ ಹಾಕಿದ್ದರು.

"ಏನು ಇದು, ಹೊಸಾ ನೌಕರಿ ಹತ್ತಿದವರಂಗ!" ಎಂದು ಒಳಗಿನಿಂದ ಇಂದಿರಾ ಕಾಕು ಛೇಡಿಸಿದರು.

ಕಾಕಾ ಅವರ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ನನಗೆ ಮಾತ್ರ ಕೇಳುವ ಹಾಗೆ ಹೇಳಿದರು. "ಮೂವತ್ತೈದು ವರ್ಷ ಕೆಟ್ಟದ್ದು ಹುಡುಕಿ ತಗದು ಒಗದೀನಿ, ಸುಮಾ. ನಾ ಮಾಡಿದ್ದು ಅಷ್ಟ. ನನ್ನ ಕಣ್ಣಿಲೆ ಒಂದು ಹೊಸಾದು ಹುಡುಕೂದು ಉಳದದ ನೋಡು. ಒಂದ ಒಂದು."

ಅವರಿಗೆ ಆ ಒಂದು ಯಾಕೆ ಅಷ್ಟು ಬೇಕಾಗಿತ್ತು, ಅದೂ ಆ ವರ್ಷವೇ ಯಾಕೆ ಬೇಕಾಗಿತ್ತು ಎಂದು ನಾನು ಕೇಳಲಿಲ್ಲ. ಆ ಮಳೆಗಾಲ ಕಾಕಾನ ಕಣ್ಣು ಹೋಗುತ್ತಿತ್ತು. ಎಡಗಣ್ಣಿನ ನಡುವಿನ ನೋಟ ಆಗಲೇ ಹೋಗಿತ್ತು, ಬಲಗಣ್ಣಿನದು ದಿನದಿನಕ್ಕೆ ಸವೆಯುತ್ತಿತ್ತು. ಈ ವಿಷಯ ಕಾಕುವಿಗೆ ಗೊತ್ತಿತ್ತು, ಡಾಕ್ಟರಿಗೆ ಗೊತ್ತಿತ್ತು. ದಿನಾ ಎರಡು ತಾಸು ಅವರ ಪಕ್ಕದಲ್ಲೇ ಕೂರುತ್ತಿದ್ದ ನನಗೆ ಗೊತ್ತಿರಲಿಲ್ಲ. ಗೊತ್ತಾಗಬೇಕಾಗಿತ್ತು. ಚಹಾಕ್ಕೆ ಹಾಕುವ ಸಕ್ಕರೆ ಕಪ್ಪು ತಪ್ಪಿ ಬಸಿಗೆ ಬೀಳುತ್ತಿತ್ತು. ಕಂಪ್ಯೂಟರಿನ ಮುಂದೆ ಕೂತರೆ ಕಾಗೆಯ ಹಾಗೆ ಕತ್ತು ಓರೆ ಮಾಡಿ ಪಕ್ಕದಿಂದ ನೋಡುತ್ತಿದ್ದರು. ಹಳೆಯ ಇನ್ಸ್‌ಪೆಕ್ಟರುಗಳ ಗತ್ತು ಇದು ಎಂದು ನಾನು ತಿಳಿದಿದ್ದೆ. ನನಗೆ ನನ್ನ ಗಡಿಬಿಡಿಯೇ ಹಾಸಿ ಹೊದೆಯುವಷ್ಟಿತ್ತು.

ಜುಲೈ ಹಾಗೇ ಹೋಯಿತು. ಮೇಲಿನ ಅಣೆಕಟ್ಟೆಗಳಿಂದ ನೀರು ಬಿಟ್ಟಾಗ ಮುಳಾ ನದಿ ಸೇತುವೆಯ ಕಾಲುಗಳಿಗೆ ಕೆಂಪಗೆ ಬಡಿಯುತ್ತಿತ್ತು. ಬಟ್ಟೆ ಒಣಗುತ್ತಿರಲಿಲ್ಲ, ಒದ್ದೆ ಓಢಣಿಯಲ್ಲೇ ಕಾಲೇಜಿಗೆ ಹೋಗಿ ಒದ್ದೆ ಓಢಣಿಯಲ್ಲೇ ಮರಳುತ್ತಿದ್ದೆ. ಐದೂವರೆಗೆ ಕಾಕಾನ ಟೇಬಲ್ಲು. ನಾನು ಚುಕ್ಕಿ ಕಂಡೊಡನೆ ಕೂಗುತ್ತಿದ್ದೆ, "ಸಿಕ್ಕಿತು ಕಾಕಾ!"

"ತಡಿ. ಹೆಜ್ಜಿ ಸಮ ಅದ?"

"ಸ್ವಲ್ಪ ಹೆಚ್ಚು ಕಡಿಮಿ..."

"ರಿಜೆಕ್ಟ್."

ಕ್ಯಾಮೆರಾದ ದೋಷದಿಂದ ಬಂದ ಚುಕ್ಕಿ, ಧೂಳಿನ ಕಣ, ಆಗಲೇ ಬೇರೆಯವರು ಗುರುತಿಸಿದ ಹಳೆಯ ಕಲ್ಲು, ಎಲ್ಲಕ್ಕೂ ಕೆಂಪು ಪೆನ್ಸಿಲು. ಆರು ವಾರದಲ್ಲಿ ರಿಜಿಸ್ಟರಿನ ಹನ್ನೊಂದು ಪುಟ ತುಂಬಿತು, ಪಾಸ್ ಎಂಬ ಮನೆ ಖಾಲಿಯೇ ಉಳಿಯಿತು. ನನಗೆ ತಲೆ ಕೆಟ್ಟು ಹೋಗುತ್ತಿತ್ತು. ಒಂದು ದಿನ ಜಗಳಕ್ಕೇ ನಿಂತೆ. "ಕಾಕಾ, ಸಂಶಯ ಇದ್ದದ್ದು ಕಳಿಸಿದ್ರ ಅವರು ನೋಡ್ಕೋತಾರ್ರೀ. ನಾವ್ಯಾಕ ತಲಿ ಒಡಕೋಬೇಕು?"

ಕಾಕಾ ಕನ್ನಡಕ ತೆಗೆದು ಒರೆಸಿದರು. ಅವರ ವಿಭಾಗದಲ್ಲಿ ಪ್ರತಿಯೊಬ್ಬ ಇನ್ಸ್‌ಪೆಕ್ಟರಿಗೂ ಅವನದೇ ನಂಬರಿನ ಒಂದು ಉಕ್ಕಿನ ಶಿಕ್ಕಾ, ಅಂದರೆ ಮುದ್ರೆ, ಇರುತ್ತಿತ್ತಂತೆ. ಪಾಸಾದ ತುಂಡಿನ ಮೇಲೆ ಅದನ್ನಿಟ್ಟು ಸುತ್ತಿಗೆಯಿಂದ ಒಂದು ಏಟು. ಅಂದರೆ ಇದನ್ನು ನಾನು, ನನ್ನ ಕಣ್ಣಾರೆ ನೋಡಿದ್ದೇನೆ ಎಂದು ಅರ್ಥ. ಮೂತ್ರಕ್ಕೆ ಹೋದರೂ ಶಿಕ್ಕಾ ಕಿಸೆಯಲ್ಲೇ. ಒಬ್ಬರ ಶಿಕ್ಕಾ ಇನ್ನೊಬ್ಬರು ಮುಟ್ಟುವ ಹಾಗಿಲ್ಲ, ಸಾಹೇಬರೂ ಮುಟ್ಟುವ ಹಾಗಿಲ್ಲ. "ನಿವೃತ್ತಿ ದಿನ ಅದನ್ನ ವಾಪಸ್ ಕೊಟ್ಟ ಬಂದೆ. ಮನಿಗೆ ಬರೂತನಾ ಕಿಸೆ ಮುಟ್ಟಿ ಮುಟ್ಟಿ ನೋಡಕೋತಿದ್ದೆ" ಎಂದರು. ನಾನು ಹೂಂ ಹೂಂ ಎಂದು ಕೇಳಿ, ಮುಂದಿನ ಚಿತ್ರ ತೆರೆದೆ. ಕೇಳಿಸಿಕೊಳ್ಳುವುದಕ್ಕೂ ತಿಳಿದುಕೊಳ್ಳುವುದಕ್ಕೂ ನಡುವೆ ಎಷ್ಟು ದೂರವಿದೆ ಎಂದು ನನಗೆ ಆಮೇಲೆ ಗೊತ್ತಾಯಿತು.

ಆಗಸ್ಟ್ ಬಂದು ಗಣಪತಿ ಹತ್ತಿರವಾಗುತ್ತಿದ್ದಂತೆ ನದಿಯ ದಂಡೆಯಲ್ಲಿ ಢೋಲಿನ ತಾಲೀಮು ಶುರುವಾಯಿತು. ಸಂಜೆಯಾದರೆ ನೂರಾರು ಢೋಲು ಒಟ್ಟಿಗೆ. ಕಿಟಕಿಯ ಗಾಜು ನಡುಗುತ್ತಿತ್ತು. ಸೆಪ್ಟೆಂಬರಿಗೆ ನನ್ನ ಕರಾರು ಮುಗಿಯುವುದಿತ್ತು. ಮುಂದಕ್ಕೆ ಎಲ್ಲಿಗೆ, ಗೊತ್ತಿಲ್ಲ. ಕಾರ್ಯಕ್ರಮದ ಕೊನೆಯ ಕಂತಿನ ಚಿತ್ರಗಳು ಒಂದು ಶುಕ್ರವಾರ ಬಂದವು. ಸೋಮವಾರದೊಳಗೆ ಕಳಿಸಬೇಕು.

ರವಿವಾರ ಬೆಳಗಿನ ಹತ್ತು ಗಂಟೆಗೆ ಅದು ಕಂಡಿತು. ಬಲಬದಿಯ ಕೆಳಮೂಲೆಯಲ್ಲಿ, ತೀರಾ ಮಂಕಾದ ಚುಕ್ಕಿ. ಮೊದಲನೆಯ ಚಿತ್ರದಲ್ಲಿ ಒಂದು ಕಡೆ, ಎರಡನೆಯದರಲ್ಲಿ ಸ್ವಲ್ಪ ಆಚೆ, ನಾಲ್ಕನೆಯದರಲ್ಲಿ ಇನ್ನೂ ಆಚೆ. ಹಳೆಯ ಕಲ್ಲುಗಳ ಪಟ್ಟಿ ನೋಡಿದೆ, ಆ ಜಾಗದಲ್ಲಿ ಯಾವುದೂ ಇರಲಿಲ್ಲ.

"ಕಾಕಾ, ಇಲ್ಲಿ ನೋಡ್ರಿ! ಇಲ್ಲಿ, ನನ್ನ ಬಟ್ಟಿನ ತುದಿಗೆ!"

ಅವರು ಕತ್ತು ಓರೆ ಮಾಡಿದರು. ಹತ್ತಿರ ಬಂದರು. ಇನ್ನೂ ಹತ್ತಿರ. ಕನ್ನಡಕ ತೆಗೆದರು, ಹಾಕಿಕೊಂಡರು. ನಾನು ಚಿತ್ರಗಳನ್ನು ತಿರುಗಿಸುತ್ತಲೇ ಇದ್ದೆ, ಒಂದು, ಎರಡು, ಮೂರು, ನಾಲ್ಕು. ಅವರು ಏನೂ ಅನ್ನದ್ದು ನೋಡಿ ನಾನೇ ಬಾಯಿ ಬಿಟ್ಟೆ. "ಮೂರನೇದರಾಗ ಒಂದು ಕಾಣವಲ್ದು ನೋಡ್ರಿ."

ತಕ್ಷಣ ಹಿಂದಕ್ಕೆ ಸರಿದು ಕೂತರು. "ಮೂರನೇದರಾಗ ಇಲ್ಲ?"

"ಇಲ್ಲ. ಅಲ್ಲೊಂದು ದೊಡ್ಡ ನಕ್ಷತ್ರ ಅದ, ಅದರ ಬೆಳಕಿನಾಗ ಮುಳಗಿರಬೇಕು."

"ಇರಬೇಕು ಅನ್ನೂದಕ್ಕ ಶಿಕ್ಕಾ ಹೊಡ್ಯಾಂಗಿಲ್ಲ. ನಾಲ್ಕರಾಗ ಮೂರು ಅಂದ್ರ ಮೂರ. ರಿಜೆಕ್ಟ್." ಕೆಂಪು ಪೆನ್ಸಿಲು ತೆಗೆದುಕೊಂಡು ಗೆರೆಯಿಂದ ಹೊರಗೆ ಹೋಗುವ ಹಾಗೆ ದಪ್ಪಗೆ ಬರೆದರು.

ನನಗೆ ಸಿಟ್ಟು ನೆತ್ತಿಗೇರಿತು. ನಿಮಗೆ ಒಂದು ಬೇಕು ಅಂತ ಹೇಳಿದವರು ನೀವೇ, ಸಿಕ್ಕಿದ್ದನ್ನು ಒಗೆಯುವವರೂ ನೀವೇ, ಈ ಜನ್ಮದಲ್ಲಿ ನಿಮ್ಮಿಂದ ಏನನ್ನೂ ಹೌದು ಅನ್ನಲಿಕ್ಕೆ ಆಗುವುದಿಲ್ಲ ಎಂದು ಬಾಯಿಗೆ ಬಂದ ಹಾಗೆ ಅಂದೆ. ಕಾಕು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಕಾಕಾ ಗೋಡೆ ಹಿಡಿದುಕೊಂಡು ಒಳಗೆ ಹೋದರು. ಗೋಡೆ ಹಿಡಿದುಕೊಂಡು! ಅದನ್ನೂ ನಾನು ನೋಡಿದೆ, ನೋಡಿಯೂ ಸಿಟ್ಟಿಗೆ ಗೋಡೆ ಹಿಡಿದರು ಎಂದುಕೊಂಡೆ.

ಸೋಮವಾರ ಮಧ್ಯಾಹ್ನ ಲ್ಯಾಬಿನಲ್ಲಿ ಕೂತು, ಮೂರು ಚಿತ್ರಗಳ ಅಳತೆ ತೆಗೆದು ವರದಿ ಕಳಿಸಿದೆ. ಕೊನೆಯಲ್ಲಿ, ಈ ಚುಕ್ಕಿಯನ್ನು ನೋಡಿ ಒಪ್ಪಿದವರ ಹೆಸರು ಬರೆಯಿರಿ ಎಂದಿತ್ತು. ನನ್ನ ಹೆಸರು ಬರೆದೆ. ಒಂದು ಗಳಿಗೆ ತಡೆದೆ. ಆಮೇಲೆ ಶ್ರೀಪಾದ ಗಲಗಲಿ ಎಂದೂ ಬರೆದೆ. ಇಬ್ಬರು ಬೇಕು ಎಂಬ ನಿಯಮಕ್ಕಾಗಿ ಬರೆದೆ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡಿದ್ದುಂಟು. ಸುಳ್ಳು. ಅವರು ಬೇಡ ಎಂದರೂ ಅವರಿಗೆ ಅದನ್ನು ಕೊಟ್ಟೇ ಬಿಡಬೇಕು ಎಂಬ ಹಟದಿಂದ ಬರೆದೆ. ಪ್ರೀತಿಯೂ ಇತ್ತು, ನನ್ನ ಮಾತೇ ಸರಿ ಎಂದು ತೋರಿಸುವ ಚಪಲವೂ ಇತ್ತು.

ನಂತರದ ಮೂರು ವಾರ ನಾನು ಮನುಷ್ಯಳಾಗಿರಲಿಲ್ಲ. ಬೇರೆ ಯಾವುದಾದರೂ ದುರ್ಬೀನಿಗೆ ಅದು ಮತ್ತೆ ಕಾಣಿಸಿದರೆ ಮಾತ್ರ ಲೆಕ್ಕಕ್ಕೆ, ಇಲ್ಲವಾದರೆ ಕಳೆದೇ ಹೋದ ಹಾಗೆ. ಬೆಳಗ್ಗೆ ಎದ್ದು ಮೊಬೈಲು, ಬಸ್ಸಿನಲ್ಲಿ ಮೊಬೈಲು, ಲ್ಯಾಬಿನಲ್ಲಿ ಮಕ್ಕಳು ಪ್ರಶ್ನೆ ಕೇಳುತ್ತಿದ್ದರೆ ಮೇಜಿನ ಕೆಳಗೆ ಮೊಬೈಲು. ಎರಡು ಲೆನ್ಸು ಒಡೆದೆ. ಸಂಜೆಗಳಲ್ಲಿ ಕಾಕಾ ಟೇಬಲ್ಲಿನ ಹತ್ತಿರ ಬರುವುದನ್ನು ಬಿಟ್ಟಿದ್ದರು. ಢೋಲಿನ ಸದ್ದು ಕೇಳುತ್ತ ಜಗಲಿಯಲ್ಲಿ ಸುಮ್ಮನೆ ಕೂರುತ್ತಿದ್ದರು. ನಾನು ಮಾತಾಡಿಸಿದರೆ ಮಾತಾಡುತ್ತಿದ್ದರು, ಅಷ್ಟೇ.

ಗಣಪತಿ ಹೋದ ಮೂರನೆಯ ದಿನ ಉತ್ತರ ಬಂತು. ಕಲ್ಲು ಸಿಕ್ಕಿದೆ. ಬೇರೆ ದುರ್ಬೀನು ಅದನ್ನು ಮತ್ತೆ ಹಿಡಿದಿದೆ. ಮೊದಲು ಯಾರೂ ಕಾಣದ್ದು. ಸದ್ಯಕ್ಕೆ ಒಂದು ತಾತ್ಕಾಲಿಕ ಗುರುತು ಕೊಟ್ಟಿದ್ದೇವೆ. ಕೆಳಗೆ ನನ್ನ ಹೆಸರು, ಕಾಕಾನ ಹೆಸರು. ನಾನು ಅರ್ಧ ದಿನದ ರಜೆ ಹಾಕಿ, ಕಾಕಾಗೆ ಇಷ್ಟವಾದ ಬಾಕರವಡಿ ಕಟ್ಟಿಸಿಕೊಂಡು, ಮಳೆಯಲ್ಲಿ ಓಡುತ್ತ ಮನೆಗೆ ಬಂದೆ. ಜಗಲಿಯಲ್ಲಿ ನಿಂತು ಒಂದೇ ಉಸಿರಿಗೆ ಹೇಳಿದೆ. ಅದು ಸೂರ್ಯನಿಂದ ನಮಗಿರುವ ದೂರದ ಎರಡೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು ದೂರದಲ್ಲಿದೆ ಎಂದೆ, ಒಂದು ಸುತ್ತಿಗೆ ನಾಲ್ಕು ವರ್ಷ ಚಿಲ್ಲರೆ ಹಿಡಿಯುತ್ತದೆ ಎಂದೆ, ಭೂಮಿಯ ತಂಟೆಗೆ ಬರುವ ಪೈಕಿ ಅಲ್ಲ, ತನ್ನ ಪಾಡಿಗೆ ತಾನು ಸುತ್ತುವ ಕಲ್ಲು ಎಂದೆ.

ಕಾಕಾನ ಮುಖ ಅರಳಿತು. ಅಷ್ಟು ಅರಳಿದ್ದನ್ನು ನಾನು ಮುಂಚೆ ನೋಡಿರಲಿಲ್ಲ. "ಎಷ್ಟು ದೊಡ್ಡದು?" ಎಂದರು.

"ಹಂಗ ಹೇಳಾಕ ಬರೂದಿಲ್ರಿ. ನಮಗ ಕಾಣೂದು ಬೆಳಕಷ್ಟ. ಕಲ್ಲು ಇದ್ದಲಿನಂಗ ಕರ್ರಗ ಇದ್ರ ದೊಡ್ಡದು, ತಿಳಿ ಬಣ್ಣದ್ದಿದ್ರ ಸಣ್ಣದು. ಒಂದು ಕಿಲೋಮೀಟರೋ ಎರಡೋ. ಸಿಂಹಗಡದ ಗುಡ್ಡ ಕಿತ್ತು ಆಕಾಶಕ್ಕ ಒಗದಂಗ ಅಂತ ತಿಳಕೋರಿ."

"ಶಾಬಾಸ್! ಶಾಬಾಸ್ ಮಗಳ! ನಾ ಬ್ಯಾಡಂದ್ರೂ ಬಿಡಲಿಲ್ಲಲಾ."

"ಇಬ್ಬರ ಹೆಸರಿನಾಗ ಬಂದದ ಕಾಕಾ. ನಿಮ್ಮ ಹೆಸರೂ ಹಾಕೀನಿ. ನೋಡಿ ಒಪ್ಪಿದವರು ಅಂತ."

ಬಾಕರವಡಿಯ ಪೊಟ್ಟಣ ಬಿಚ್ಚುತ್ತಿದ್ದ ಅವರ ಕೈ ನಿಂತಿತು. "ಯಾರು ಒಪ್ಪಿದವರು?"

ನಾನು ಒದ್ದೆ ಓಢಣಿಯ ತುದಿ ಹಿಂಡುತ್ತ ನಿಂತೆ.

"ನಾ ಕೆಂಪು ಪೆನ್ಸಿಲಿಲೆ ಬರದಿದ್ದು ನೋಡಿದ್ದಿಲ್ಲ ನೀ? ನನ್ನ ಶಿಕ್ಕಾ ನೀ ಹೊಡದಿ?" ಧ್ವನಿ ಏರಲಿಲ್ಲ, ಅದೇ ಹೆಚ್ಚು ಹೆದರಿಕೆಯಾಗುವಂತಿತ್ತು. "ನಾ ಅದನ್ನ ನೋಡೇ ಇಲ್ಲವಾ. ಮೂರನೇದರಾಗ ಅಷ್ಟ ಅಲ್ಲ, ನಾಲ್ಕರಾಗೂ ನನಗ ಏನೂ ಕಾಣಲಿಲ್ಲ. ನಿನ್ನ ಬಟ್ಟಿನ ತುದಿ ಸೈತ ಕಾಣಲಿಲ್ಲ. ಎಲ್ಲಾ ಬರೇ ಬೂದಿ, ಬೂದಿ. ನೀ ಮೂರನೇದರಾಗ ಇಲ್ಲ ಅಂದಿ, ಅದನ್ನ ಹಿಡಕೊಂಡು ಮರ್ಯಾದಿ ಉಳಿಸಿಕೊಂಡೆ. ನೋಡಲಾರದ್ದಕ್ಕ ನನ್ನ ಹೆಸರು ಹೆಂಗ ಹಾಕಿದಿ ನೀ?"

ಒಳಗೆ ಕಾಕು ಸೆರಗು ಬಾಯಿಗೆ ಇಟ್ಟುಕೊಂಡದ್ದು ಕಾಣಿಸಿತು. ಆಗ ಎಲ್ಲ ಒಟ್ಟಿಗೆ ತಿಳಿಯಿತು. ಬಸಿಗೆ ಬಿದ್ದ ಸಕ್ಕರೆ, ಓರೆಯಾದ ಕತ್ತು, ಗೋಡೆ ಹಿಡಿದ ಕೈ. ಅಳು ಬಂತು, ಅತ್ತೆ. ಅವರು ಅಳು ನಿಲ್ಲುವ ತನಕ ಕಾದರು. ಆಮೇಲೆ, "ಬರಿ ಅವರಿಗೆ. ಈ ಮನಿಶ್ಯಾ ನೋಡಿಲ್ಲ, ಇವನ ಹೆಸರು ತಗೀರಿ ಅಂತ ಬರಿ. ನನ್ನ ಮುಂದ ಬರಿ" ಎಂದರು.

ಬರೆದೆ. ಎರಡು ದಿನಕ್ಕೆ, ಸರಿಪಡಿಸಿದ್ದೇವೆ ಎಂದು ಉತ್ತರ ಬಂತು. ಕಲ್ಲಿನ ಮುಂದೆ ನನ್ನದೊಂದೇ ಹೆಸರು ಉಳಿಯಿತು. ಅದನ್ನು ನೋಡಿದಾಗಲೆಲ್ಲ ಕದ್ದ ವಸ್ತು ಕೈಯಲ್ಲಿ ಹಿಡಿದ ಹಾಗೆ ಅನಿಸುತ್ತಿತ್ತು. ಸೆಪ್ಟೆಂಬರಿನಲ್ಲಿ ಕರಾರು ಮುಗಿಯಿತು, ಶಿರೂರಿನ ಕಾಲೇಜಿನಲ್ಲಿ ಕೆಲಸ ಸಿಕ್ಕಿತು, ಮಾಳಿಗೆ ಖಾಲಿ ಮಾಡಿದೆ. ನಡುವೆ ನಾಲ್ಕಾರು ಸಲ ಹೋಗಿ ಬಂದದ್ದುಂಟು. ಕಾಕಾನ ಎರಡೂ ಕಣ್ಣಿನ ನಡುವಿನ ನೋಟ ಪೂರ್ತಿ ಹೋಯಿತು. ಅಂಚಿನಲ್ಲಿ ಬೆಳಕು ಕತ್ತಲೆ ತಿಳಿಯುತ್ತದಂತೆ, ಅಷ್ಟೇ. ನಾವು ಮಳೆಯ ಬಗ್ಗೆ, ಜಮಖಂಡಿಯ ಬಗ್ಗೆ, ಕಾಕುವಿನ ಮೊಣಕಾಲಿನ ಬಗ್ಗೆ ಮಾತಾಡಿದೆವು. ಕಲ್ಲಿನ ಬಗ್ಗೆ ಇಬ್ಬರೂ ಎತ್ತಲಿಲ್ಲ. ಅದು ಅಲ್ಲಿ ಸುತ್ತುತ್ತಲೇ ಇತ್ತು. ಹದಿನೈದು ಹದಿನಾರು ತಿಂಗಳಿಗೊಮ್ಮೆ ಚೆನ್ನಾಗಿ ಕಾಣುವ ಜಾಗಕ್ಕೆ ಬರುತ್ತಿತ್ತು, ಯಾರೋ ನೋಡಿ ಅಳತೆ ಬರೆದಿಡುತ್ತಿದ್ದರು. ಏಳು ವರ್ಷವಾದರೂ ಎರಡನೆಯ ಸುತ್ತು ಮುಗಿಸಿಲ್ಲ. ಅದಕ್ಕೆ ನನ್ನ ಹಾಗೆ ಅವಸರವಿಲ್ಲ.

ಬಸ್ಸು ಪುಣೆ ಮುಟ್ಟಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಖಡಕಿಯ ಮನೆಗೆ ಬಂದಾಗ ಸಂಜೆ ಐದೂವರೆ. ಅದೇ ಹೊತ್ತು. ಕಾಕು ಅಡುಗೆಮನೆಯಲ್ಲಿ ಚಪಾತಿಯ ಹಿಟ್ಟು ನಾದುತ್ತಿದ್ದರು. ಕಾಕಾ ಜಗಲಿಯಲ್ಲಿ ಕೂತಿದ್ದರು. ನನ್ನ ಹೆಜ್ಜೆಯ ಸದ್ದಿಗೇ, "ಸುಮಾ? ಇಷ್ಟು ಧಡಪಡ ಮಾಡಕೋತ ಬರಾಕಿ ನೀನ" ಎಂದರು. ಪತ್ರ ಓದಿ ಕನ್ನಡದಲ್ಲಿ ಹೇಳಿದೆ. "ಚೊಲೊ ಆತು. ನಿಂದ ಅದ, ನೀ ಹೆಸರು ಇಡು" ಎಂದರು. ಅವರ ಕೈ, ಶಿಕ್ಕಾ ಹುಡುಕುವ ಹಾಗೆ, ಅಂಗಿಯ ಕಿಸೆಯ ಮೇಲೆ ಹೋಗಿ ಬಂತು.

ಆ ಕೈ ನೋಡಿಯೇ ನನಗೆ ಹೊಳೆದದ್ದು. ಅಡುಗೆಮನೆಗೆ ನುಗ್ಗಿದೆ. ಕಾಕುವಿನ ಕೈಯಿಂದ ಹಿಟ್ಟು ಕಸಿದು, ಒಂದೇ ಅಳತೆಯ ನಾಲ್ಕು ದಪ್ಪ ಚಪಾತಿ ಲಟ್ಟಿಸಿ ನಾಲ್ಕು ತಾಟಿನಲ್ಲಿ ಹಾಕಿದೆ. ಮೊಬೈಲಿನಲ್ಲಿ ಆ ಹಳೆಯ ಚಿತ್ರಗಳು ಇನ್ನೂ ಇದ್ದವು. ಅವನ್ನು ನೋಡುತ್ತ ಸಣ್ಣ ನಕ್ಷತ್ರಗಳಿಗೆ ತೊಗರಿಬೇಳೆ, ಆ ದೊಡ್ಡದಕ್ಕೆ ಒಂದು ಕಡಲೆ, ನಾಲ್ಕರಲ್ಲೂ ಅದದೇ ಜಾಗದಲ್ಲಿ ಒತ್ತಿದೆ. ಕಲ್ಲಿಗೆ ಒಂದು ಸಾಸಿವೆ ಕಾಳು. ಮೊದಲನೆಯದರಲ್ಲಿ ಒಂದು ಕಡೆ, ಎರಡನೆಯದರಲ್ಲಿ ಆಚೆ, ನಾಲ್ಕನೆಯದರಲ್ಲಿ ಕಡಲೆಯನ್ನೂ ದಾಟಿ ಆಚೆ. ಮೂರನೆಯದರಲ್ಲಿ ಸಾಸಿವೆ ಇಟ್ಟು, ಅದರ ಮೇಲೆ ಕಡಲೆ ಒತ್ತಿದೆ. ನಿಜದಲ್ಲಿ ಕಲ್ಲು ಈಚೆ, ನಕ್ಷತ್ರ ಎಷ್ಟೋ ಹಿಂದೆ. ಹಿಟ್ಟಿನಲ್ಲಿ ಅದನ್ನು ತೋರಿಸಲಾಗುವುದಿಲ್ಲ, ಇರಲಿ.

"ಏ ಹುಚ್ಚಿ, ಹಿಟ್ಟು ಯಾಕ ಹಾಳ ಮಾಡ್ತೀಯ?" ಎಂದು ಕಾಕು ಕೇಳುತ್ತಲೇ ಹಿಂದೆ ಬಂದರು.

ಜಗಲಿಯ ಟೇಬಲ್ಲಿನ ಮೇಲೆ ನಾಲ್ಕನ್ನೂ ಸಾಲಾಗಿ ಇಟ್ಟೆ. ಕಾಕಾನ ಕೈ ಹಿಡಿದು ಮೊದಲನೆಯದರ ಮೇಲೆ ಇಟ್ಟು ಹೇಳಿದೆ. "ಬ್ಯಾಳಿ, ಕಡ್ಲಿ ಇವು ಚಿಕ್ಕಿ. ಸಾಸಿವಿ ನಮ್ಮದು. ಇದ್ದದ್ದು ಇದ್ದಂಗ ಇಟ್ಟೀನಿ. ತಪಾಸಣೆ ಮಾಡ್ರಿ."

ಅವರು ಬೇಡ ಎನ್ನಬಹುದಿತ್ತು. ಬೆರಳುಗಳು ಒಂದು ಗಳಿಗೆ ಅಲ್ಲಾಡಲಿಲ್ಲ. ಆಮೇಲೆ ಮೆಲ್ಲಗೆ ಹೊರಟವು. ಬೇಳೆ, ಬೇಳೆ, ಕಡಲೆ, ಸಾಸಿವೆ. "ಕಡ್ಡಿಪೆಟ್ಟಿಗಿ ತಾ" ಎಂದರು. ಒಂದು ಕಡ್ಡಿ ತೆಗೆದುಕೊಂಡು ಕಡಲೆಯಿಂದ ಸಾಸಿವೆಗೆ ಅಳತೆ ಹಿಡಿದು ಉಗುರಿನಿಂದ ಗುರುತು ಮಾಡಿದರು. ಎರಡನೆಯ ತಾಟು, ಮತ್ತೆ ಅಳತೆ. ಮೂರನೆಯದರ ಮೇಲೆ ಬೆರಳು ಮೂರು ಸಲ ತಿರುಗಿತು. "ಇಲ್ಲಿ ಸಾಸಿವಿ ಇಲ್ಲ" ಎಂದರು.

"ಇಲ್ರಿ" ಎಂದೆ. ಇನ್ನೊಂದು ಮಾತು ಆಡದ ಹಾಗೆ ತುಟಿ ಕಚ್ಚಿದೆ. ನನಗೆ ಅದಕ್ಕಿಂತ ಕಷ್ಟದ ಕೆಲಸ ಇಲ್ಲ.

ನಾಲ್ಕನೆಯದನ್ನು ಅಳೆದರು. ಮೊದಲನೆಯದಕ್ಕೆ ಮರಳಿದರು. ಕಡ್ಡಿಯ ಮೇಲಿನ ಗುರುತುಗಳನ್ನು ಹೆಬ್ಬೆರಳಿನಿಂದ ಸವರುತ್ತ ತಮ್ಮಷ್ಟಕ್ಕೆ ಮಾತಾಡಿಕೊಂಡರು. "ಒಂದರಿಂದ ಎರಡಕ್ಕ ಇಷ್ಟು. ಎರಡರಿಂದ ನಾಲ್ಕಕ್ಕ ಇದರ ದುಪ್ಪಟ್ಟು. ಹೆಜ್ಜಿ ಸಮ. ಗೆರಿ ನೆಟ್ಟಗ. ಹಂಗಾರ ಮೂರನೇದು..." ಕಡ್ಡಿಯ ತುದಿ ಮೂರನೆಯ ಚಪಾತಿಯ ಮೇಲೆ ಬಂತು, ಜರುಗಿತು, ಕಡಲೆಗೆ ತಾಗಿ ನಿಂತಿತು.

"ಏ ಇವಳ!" ಎಂದು ಕಾಕುವನ್ನು ಕೂಗಿದರು. "ಇಲ್ಲೇ ಅದ! ಕಡ್ಲಿ ಬುಡಕ ಅದ!"

ಉಗುರಿನ ತುದಿಯಿಂದ ಕಡಲೆ ಎಬ್ಬಿಸಿದರು. ಕೆಳಗಿನ ಕುಳಿಯಲ್ಲಿ ಬೆರಳಿಟ್ಟರು. ಸಾಸಿವೆ ಅವರ ಬೆರಳಿಗೆ ಅಂಟಿಕೊಂಡು ಬಂತು. ಅದನ್ನು ಎರಡು ಬೆರಳಿನ ನಡುವೆ ಹಿಡಿದು, ಕಾಣದ ಕಣ್ಣಿನ ಮುಂದೆ ತಂದು, ಕತ್ತು ಓರೆ ಮಾಡಿ ನೋಡಿದರು. ಕಾಕು ಅಳುತ್ತಿದ್ದರು. ನಾನೂ.

"ರಿಜಿಸ್ಟರ್ ಅದ ಏನು ಇನ್ನೂ?" ಎಂದರು ಕಾಕಾ.

ಖಾನೆ ಎಳೆದೆ. ಸದ್ದಿಲ್ಲದೆ ಬಂತು, ಎಣ್ಣೆ ಹಾಕಿದ ಖಾನೆ. ಕೊನೆಯ ಪುಟ ತೆಗೆದು ಅವರ ಬೆರಳನ್ನು ಆ ಕೆಂಪು ಅಕ್ಷರದ ಮೇಲೆ ಇಟ್ಟೆ. ಬಿಳಿ ಬಣ್ಣ ಹಚ್ಚಿ ಅಳಿಸಲೇ ಎಂದು ಕೇಳಿದ್ದಕ್ಕೆ ಬೈದರು. "ಇನ್ಸ್‌ಪೆಕ್ಟರ್ ಅಳಸೂದಿಲ್ಲ. ಒಂದು ಗೆರಿ ಹೊಡದು ಬಾಜೂಕ ಸಹಿ ಮಾಡ್ತಾನ." ಪೆನ್ನು ಹಿಡಿದು ಗೆರೆ ಹೊಡೆದರು. ಪಾಸ್ ಎಂಬ ಮನೆ ಎಲ್ಲಿದೆ ಎಂದು ಕೇಳಿ, ಅಲ್ಲಿ ಸಹಿ ಮಾಡಿದರು. ಸಹಿ ಮನೆ ದಾಟಿ, ಪುಟ ದಾಟಿ, ಟೇಬಲ್ಲಿನ ಮೇಲೆ ಹೋಗಿ ನಿಂತಿತು.

"ಕಲ್ಲಿಗೆ ನಿಮ್ಮ ಹೆಸರ ಇಡ್ತೀನಿ ಕಾಕಾ" ಎಂದೆ.

"ಬ್ಯಾಡ. ಕಲ್ಲಿಗೆ ಬೇಕಾದ್ದು ಇಡು. ಕಂಡವರು ಯಾರು ಅಂತ ಅದಲಾ, ಆ ಸಾಲಿನಾಗ ಈಗ ಹಾಕು ನನ್ನ ಹೆಸರು."